ಡ್ಯೂಟಿ ಮುಗಿದ ಮೇಲೆ – ಭಾಗ 23: "ಹಳೇ ಗ್ರಂಥದಲ್ಲಿದೆ" ಅಂದರೆ ಸಾಕೇ?

ಈ ಸಲದ ಪೋಸ್ಟ್ ಸ್ವಲ್ಪ ಉದ್ದ ಇದೆ. ಒಂದು ಲೋಟ ಚಹಾ ಮಾಡಿಕೊಂಡು ಬಂದು ಓದಿ.

ಕಳೆದ ಭಾಗದಲ್ಲಿ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಅಂತ ಬರೆದಿದ್ದೆ. ಅದಕ್ಕೆ ಬಂದ ಕಮೆಂಟುಗಳಲ್ಲಿ ಎರಡು ಗುಂಪು. ಒಂದು ಗುಂಪಿನವರು, "ಸಾವಿರಾರು ವರ್ಷದ ಗ್ರಂಥಗಳಲ್ಲಿ ಎಲ್ಲದಕ್ಕೂ ಮದ್ದಿದೆ ಸಿಸ್ಟರ್, ಇಂಗ್ಲೆಂಡಿಗೆ ಹೋಗಿ ನೀವು ಅದನ್ನೆಲ್ಲ ಮರೆತಿದ್ದೀರಿ" ಅಂದರು. ಇನ್ನೊಂದು ಗುಂಪಿನವರು, "ಆ ಹಳೇ ಪುಸ್ತಕಗಳನ್ನೆಲ್ಲ ಒಲೆಗೆ ಹಾಕಿದರೆ ಮಾತ್ರ ಜನಕ್ಕೆ ಬುದ್ಧಿ ಬರೋದು" ಅಂದರು. ಎರಡೂ ಕಡೆಯವರು ಒಬ್ಬರಿಗೊಬ್ಬರು ಬೈದುಕೊಂಡು ರಾತ್ರಿ ಹನ್ನೆರಡರ ತನಕ ನನ್ನ ಫೋನ್ ಕುಟ್ಟುತ್ತಲೇ ಇತ್ತು.

ಇಬ್ಬರಿಗೂ ಉತ್ತರ ಕೊಡಬೇಕು ಅನ್ನಿಸಿತು. ಆದರೆ ನಮ್ಮ ಗ್ರಂಥಗಳ ವಿಷಯ ಎತ್ತಿದ ಕೂಡಲೇ ತಲೆ ಬಿಸಿಯಾಗುತ್ತೆ, ಯಾರೂ ಪೂರ್ತಿ ಕೇಳಿಸಿಕೊಳ್ಳೋಲ್ಲ. ಅದಕ್ಕೇ ಇವತ್ತು ಬೇರೆಯವರ ಮನೆಯ ಜಗಳ ಹೇಳ್ತೀನಿ. ಸುಮಾರು 500 ವರ್ಷದ ಹಿಂದೆ ಯುರೋಪಿನಲ್ಲಿ ಗ್ರೀಕ್ ಮತ್ತು ಅರಬ್ಬಿ ವೈದ್ಯರ ಹಳೆಯ ಪುಸ್ತಕಗಳು ಮೊದಲ ಸಲ ಅಚ್ಚಾದಾಗ ನಡೆದ ಜಗಳ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಡೆಯೋದೂ ಹೆಚ್ಚುಕಮ್ಮಿ ಅದೇ.

ಮೊದಲು ನನ್ನ ಕೆಲಸದ ಒಂದೆರಡು ಪದಗಳಿಂದ ಶುರು ಮಾಡ್ತೀನಿ. ತಿಂಗಳುಗಟ್ಟಲೆ ಔಷಧಿ ಹೋಗಬೇಕಾದ ರೋಗಿಗೆ ನಾವು ತೋಳಿನಲ್ಲಿ ಪಿಕ್ ಲೈನ್ ಹಾಕುತ್ತೇವೆ. ಅದಕ್ಕೆ ಸಾಮಾನ್ಯವಾಗಿ ಆರಿಸಿಕೊಳ್ಳುವ ರಕ್ತನಾಳದ ಹೆಸರು ಬ್ಯಾಸಿಲಿಕ್. ಹೃದಯದ ಬೈಪಾಸ್‌ಗೆ ಕಾಲಿನಿಂದ ತೆಗೆಯುವ ನಾಳ ಸ್ಯಾಫಿನಸ್. ಎರಡನ್ನೂ ನರ್ಸಿಂಗ್ ಓದುವಾಗ ಲ್ಯಾಟಿನ್ ಅಂದುಕೊಂಡು ಬಾಯಿಪಾಠ ಮಾಡಿದ್ದೆವು. ಅವು ಲ್ಯಾಟಿನ್‌ಗೆ ಬಂದದ್ದು ಅರಬ್ಬಿ ಪುಸ್ತಕಗಳ ಅನುವಾದದಿಂದ. ಅಲ್-ಬಾಸಿಲೀಕ್, ಅಲ್-ಸಾಫಿನ್. ಮಿದುಳಿನ ಹೊರಪೊರೆಗೆ ಡ್ಯೂರಾ ಮೇಟರ್ ಅನ್ನುತ್ತೇವಲ್ಲ, ಗಟ್ಟಿ ತಾಯಿ ಅಂತ ಅರ್ಥ. ಪೊರೆಗೆ ತಾಯಿ ಅನ್ನೋದು ಏಕೆ? ಅರಬ್ಬಿಯಲ್ಲಿ ಅದನ್ನು ಉಮ್ಮ್ ಅಲ್-ದಿಮಾಗ್, ಅಂದರೆ ಮಿದುಳಿನ ತಾಯಿ ಅನ್ನುತ್ತಿದ್ದರು. ಅನುವಾದ ಮಾಡಿದವನು ತಾಯಿಯನ್ನು ಹಾಗೇ ಉಳಿಸಿಕೊಂಡ. ಆ ದಿಮಾಗ್ ಉರ್ದುವಿನ ಮೂಲಕ ಕನ್ನಡಕ್ಕೂ ಬಂದು "ಅವನಿಗೆ ಎಷ್ಟು ದಿಮಾಕು ನೋಡು" ಅನ್ನುವಾಗಿನ ದಿಮಾಕು ಆಗಿದೆ. ನಮ್ಮ ಶರಬತ್ತು, ಔಷಧಿ ಅಂಗಡಿಯ ಸಿರಪ್ಪು, ಎರಡೂ ಕುಡಿಯೋದು ಅನ್ನುವ ಒಂದೇ ಅರಬ್ಬಿ ಬೇರಿನಿಂದ ಬಂದವು. ಕುವೈತಿನಲ್ಲಿ ಕೆಲಸ ಮಾಡಿದ ಏಳು ವರ್ಷದಲ್ಲಿ ಇಂಥ ಪದಗಳು ಕಿವಿಗೆ ಬೀಳುತ್ತಲೇ ಇದ್ದವು. ಈ ಇತಿಹಾಸ ಓದುವ ಹುಚ್ಚು ಹತ್ತಿದ್ದು ಅಲ್ಲೇ.

ಈ ಪದಗಳು ಬಂದ ದಾರಿ ಹೀಗಿದೆ. ಎರಡನೇ ಶತಮಾನದಲ್ಲಿ ಗೇಲನ್ ಅನ್ನುವ ಗ್ರೀಕ್ ವೈದ್ಯ ರಾಶಿ ರಾಶಿ ಬರೆದ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಅನ್ನುವ ಕ್ರೈಸ್ತ ವೈದ್ಯ ಮತ್ತು ಅವನ ತಂಡ ಅದನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದರು. ಅದರ ಮೇಲೆ ಅಲ್-ರಾಜಿ, ಇಬ್ನ್ ಸೀನಾ ಮೊದಲಾದವರು ತಮ್ಮದನ್ನು ಸೇರಿಸಿ ಬರೆದರು. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಟೊಲೆಡೋದಲ್ಲಿ ಕೂತು ಕ್ರೆಮೋನಾದ ಗೆರಾರ್ಡ್ ಅನ್ನುವವನು ಇಬ್ನ್ ಸೀನಾನ "ಕಾನೂನ್" ಗ್ರಂಥವನ್ನು ಲ್ಯಾಟಿನ್‌ಗೆ ತಿರುಗಿಸಿದ. ಸರಿಯಾದ ಲ್ಯಾಟಿನ್ ಪದ ಸಿಗದಿದ್ದಲ್ಲಿ ಅರಬ್ಬಿ ಪದವನ್ನೇ ಲ್ಯಾಟಿನ್ ಅಕ್ಷರದಲ್ಲಿ ಬರೆದುಬಿಟ್ಟ. ಕೈಬರಹದಲ್ಲಿ ನಕಲಾಗುತ್ತಾ ಆಗುತ್ತಾ ಆ ಪದಗಳು ಇನ್ನಷ್ಟು ಕೆಟ್ಟವು.

ಅಷ್ಟರಲ್ಲಿ ಅಚ್ಚುಕೂಟ ಬಂತು. ಕಾನೂನ್ ಗ್ರಂಥದ ಲ್ಯಾಟಿನ್ ಅನುವಾದ 1473ರಲ್ಲಿ ಮಿಲಾನಿನಲ್ಲಿ ಅಚ್ಚಾಯಿತು. 1491ರಲ್ಲಿ ನೇಪಲ್ಸಿನಲ್ಲಿ ಅದರ ಹೀಬ್ರೂ ಅನುವಾದ. ಅರಬ್ಬಿ ಮೂಲ ಅಚ್ಚಾಗಲು 1593ರ ತನಕ ಕಾಯಬೇಕಾಯಿತು. ಅದೂ ರೋಮಿನಲ್ಲಿ, ಮೆಡಿಚಿ ಮನೆತನದ ಕಾರ್ಡಿನಲ್ ಒಬ್ಬ ಹಾಕಿಸಿದ ಅಚ್ಚುಕೂಟದಲ್ಲಿ. ಗ್ರೀಕರ ಸರದಿಯೂ ತಡವಾಗಿಯೇ ಬಂತು. ಗೇಲನ್‌ನ ಗ್ರೀಕ್ ಮೂಲ ಐದು ದೊಡ್ಡ ಸಂಪುಟಗಳಾಗಿ ವೆನಿಸ್ಸಿನ ಆಲ್ಡಸ್ ಮುದ್ರಣಾಲಯದಲ್ಲಿ ಅಚ್ಚಾದದ್ದು 1525ರಲ್ಲಿ. ಮರುವರ್ಷ ಹಿಪೊಕ್ರೆಟಿಸ್. ಅಂದರೆ ಯುರೋಪಿನ ವೈದ್ಯ ವಿದ್ಯಾರ್ಥಿಯ ಕೈಗೆ ಗೇಲನ್‌ನ ಗ್ರೀಕ್ ಮೂಲ ಅಚ್ಚಾಗಿ ಬರುವ 52 ವರ್ಷ ಮೊದಲೇ ಇಬ್ನ್ ಸೀನಾ ಬಂದಿದ್ದ.

ಈಗ ಜಗಳಕ್ಕೆ ಬರೋಣ.

1492ರಲ್ಲಿ ಇಟಲಿಯ ಫೆರಾರಾದಲ್ಲಿ ನಿಕೊಲೊ ಲಿಯೊನಿಚೆನೊ ಅನ್ನುವ ವೈದ್ಯ ಒಂದು ಪುಸ್ತಕ ಹೊರತಂದ. ರೋಮನ್ ಲೇಖಕ ಪ್ಲಿನಿ ಮತ್ತು ಅವನ ನಂತರದವರು ವೈದ್ಯದಲ್ಲಿ ಮಾಡಿದ ತಪ್ಪುಗಳ ಬಗ್ಗೆ ಬರೆದದ್ದು. ಅವನು ಕೊಟ್ಟ ಒಂದು ಉದಾಹರಣೆ ಓದಿ ನನಗೆ ನಮ್ಮ ಔಷಧಿ ಟ್ರಾಲಿ ನೆನಪಾಯಿತು. ಗ್ರೀಕಿನಲ್ಲಿ ಕಿಸ್ಸೋಸ್ ಅಂದರೆ ಐವಿ ಬಳ್ಳಿ. ಕಿಸ್ಥೋಸ್ ಅಂದರೆ ಬೇರೆಯೇ ಒಂದು ಪೊದೆ. ಒಂದಕ್ಷರದ ವ್ಯತ್ಯಾಸ. ಪ್ಲಿನಿ ಎರಡನ್ನೂ ಕಲಸಿಬಿಟ್ಟಿದ್ದ. ಲಿಯೊನಿಚೆನೊ ಹೇಳಿದ್ದರ ಸಾರ ಇಷ್ಟೇ: ಇದನ್ನು ಬರೀ ವ್ಯಾಕರಣದ ಜಗಳ ಅನ್ನಬೇಡಿ, ಇಲ್ಲಿ ಹೆಸರು ತಪ್ಪಿದರೆ ರೋಗಿಯ ಜೀವ ಹೋಗುತ್ತೆ.

ನರ್ಸುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೈಡ್ರಾಲಜೀನ್ ಮತ್ತು ಹೈಡ್ರಾಕ್ಸಿಜೀನ್, ಕ್ಲೋಬಜಾಮ್ ಮತ್ತು ಕ್ಲೋನಾಜೆಪಾಮ್. ಒಂದೇ ಥರ ಕೇಳಿಸುವ, ಒಂದೇ ಥರ ಕಾಣುವ ಹೆಸರುಗಳು. ಇಂಥವನ್ನು ಬೇರೆ ಬೇರೆ ಕಪಾಟಿನಲ್ಲಿಡಿ, ಎರಡು ಸಲ ಓದಿ, ಜೋರಾಗಿ ಹೇಳಿ ಅಂತ ಇವತ್ತೂ ತರಬೇತಿ ಕೊಡುತ್ತಾರೆ. 1492ರಲ್ಲಿ ಒಬ್ಬ ಅದನ್ನೇ ಪುಸ್ತಕಗಳಿಗೆ ಮಾಡಿದ. ದೊಡ್ಡವರ ಹೆಸರಿದೆ ಅಂತ ಸುಮ್ಮನಿರದೆ ಪದ ಪದ ತಾಳೆ ನೋಡಿದ. ಅದಕ್ಕೆ ಅವನಿಗೊಂದು ನಮಸ್ಕಾರ.

ಆದರೆ ಅವನ ನಂತರ ಬಂದ ಕೆಲವರು ಅಲ್ಲಿಗೇ ನಿಲ್ಲಲಿಲ್ಲ. ಅವರ ವಾದ ಹೀಗಿತ್ತು: ಗ್ರೀಕರು ಬರೆದದ್ದು ಶುದ್ಧವಾಗಿತ್ತು, ಅರಬ್ಬರ ಕೈಯಲ್ಲಿ ಕೆಟ್ಟಿತು, ಮೂಲಕ್ಕೆ ಹೋದರೆ ವೈದ್ಯ ತಾನೇ ಸರಿಹೋಗುತ್ತೆ. ಲಿಯೊನ್‌ಹಾರ್ಟ್ ಫುಕ್ಸ್ ಅನ್ನುವ ಜರ್ಮನ್ ವೈದ್ಯ (ನಮ್ಮ ಮಲೆನಾಡಿನ ಮನೆಗಳ ಮುಂದೆ ನೇತಾಡುವ ಫ್ಯೂಷಿಯಾ ಹೂವಿಗೆ ಇವನದೇ ಹೆಸರು) 1530ರಲ್ಲಿ ಅರಬ್ಬಿ ವೈದ್ಯರನ್ನೂ ಅವರನ್ನು ಓದುವವರನ್ನೂ ಝಾಡಿಸಿ ಪುಸ್ತಕ ಬರೆದ. ಗೇಲನ್‌ನ ಗ್ರೀಕ್ ಮೂಲ 1538ರಲ್ಲಿ ಬಾಸೆಲ್‌ನಲ್ಲಿ ಮತ್ತೆ ಅಚ್ಚಾದಾಗ ಅದನ್ನು ಸಂಪಾದಿಸಿದವರಲ್ಲಿ ಅವನೂ ಒಬ್ಬ.

"ಮೂಲ ಗ್ರಂಥಕ್ಕೆ ಮರಳಿ" ಅನ್ನುವ ಈ ಮಾತು ನಿಮಗೆ ಎಲ್ಲೋ ಕೇಳಿದಂತಿದೆ ಅಲ್ಲವೇ? ಸರಿ, ಮೂಲಕ್ಕೆ ಹೋದಾಗ ಏನಾಯಿತು ನೋಡೋಣ.

ಮೊದಲನೆಯದಾಗಿ, ಮೂಲವೂ ತಪ್ಪಿಲ್ಲದೆ ಬರಲಿಲ್ಲ. 1525ರ ಆ ಐದು ಸಂಪುಟಗಳಿಗೆ ದುಡಿದವರು ಸಣ್ಣ ಜನರಲ್ಲ. ಇಂಗ್ಲೆಂಡಿನಿಂದ ಹೋದ ಜಾನ್ ಕ್ಲೆಮೆಂಟ್, ಥಾಮಸ್ ಲುಪ್ಸೆಟ್, ಮುಂದೆ ಗಣಿಗಾರಿಕೆಯ ಬಗ್ಗೆ ಬರೆದು ಹೆಸರಾದ ಜರ್ಮನ್ ಗೆಯೋರ್ಗ್ ಅಗ್ರಿಕೋಲಾ, ಎಲ್ಲರೂ ಆ ಕೆಲಸದಲ್ಲಿದ್ದರು. ಆದರೂ ಸಿಕ್ಕ ಹಸ್ತಪ್ರತಿಗಳಲ್ಲೇ ತಪ್ಪುಗಳಿದ್ದವು. ಎರಾಸ್ಮಸ್ ಅದರಿಂದ ಮೂರು ಸಣ್ಣ ಕೃತಿಗಳನ್ನು ಲ್ಯಾಟಿನ್‌ಗೆ ತಂದು 1526ರಲ್ಲಿ ಪ್ರಕಟಿಸಿದ. ಅಚ್ಚಿನ ತುಂಬ ತಪ್ಪು ಅಂತ ಗೊಣಗಿದ ಕೂಡ. ಬಾಸೆಲ್‌ನವರು 13 ವರ್ಷಕ್ಕೇ ಮತ್ತೆ ಅಚ್ಚು ಹಾಕಿದ್ದು ಸುಮ್ಮನೆ ಅಲ್ಲ.

ಎರಡನೆಯದು ಇನ್ನೂ ದೊಡ್ಡದು. ಪದ ಸರಿಯಾದರೂ ಚಿಕಿತ್ಸೆ ಸರಿಯಾಗಲಿಲ್ಲ. ಪಿಯೆರ್ ಬ್ರಿಸೋ ಅನ್ನುವ ಪ್ಯಾರಿಸ್ ವೈದ್ಯನ ಕಥೆ ಕೇಳಿ. ಪಕ್ಕೆಯಲ್ಲಿ ಉರಿಯೂತವಾಗಿ ನೋವು, ಜ್ವರ ಬಂದರೆ ಆಗ ರಕ್ತ ತೆಗೆಯುತ್ತಿದ್ದರು. ನೋವು ಇರುವ ಪಕ್ಕದ ವಿರುದ್ಧ ತೋಳಿನಿಂದ, ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು ಅನ್ನೋದು ಅರಬ್ಬಿ ಪುಸ್ತಕಗಳಿಂದ ಬಂದ ಪದ್ಧತಿ. ಬ್ರಿಸೋ ಗ್ರೀಕ್ ಓದಿದವನು. ನೋವಿರುವ ಪಕ್ಕದ ತೋಳಿನಿಂದಲೇ ಧಾರಾಳವಾಗಿ ತೆಗೆಯಬೇಕು ಅಂತ ಹಿಪೊಕ್ರೆಟಿಸ್ ಮತ್ತು ಗೇಲನ್ ಹೇಳಿದ್ದಾರೆ ಅಂತ ಅವನ ವಾದ. ದೊಡ್ಡ ಗಲಾಟೆಯಾಯಿತು. ಅವನು ಪೋರ್ಚುಗಲ್ಲಿಗೆ ಹೋದ, ಅಲ್ಲೂ ರಾಜವೈದ್ಯನ ಜೊತೆ ಜಗಳ. 1522ರಲ್ಲಿ ತೀರಿಕೊಂಡ. ಅವನ ವಾದ ಪುಸ್ತಕವಾಗಿ ಪ್ಯಾರಿಸ್ಸಿನಲ್ಲಿ ಅಚ್ಚಾದದ್ದು 1525ರಲ್ಲಿ, ವೆನಿಸ್ಸಿನಲ್ಲಿ ಗೇಲನ್ ಅಚ್ಚಾದ ಅದೇ ವರ್ಷ. ಆಮೇಲೂ ವರ್ಷಗಟ್ಟಲೆ ಪಂಡಿತರು ಎಡ ತೋಳೋ ಬಲ ತೋಳೋ ಅಂತ ಪುಸ್ತಕದ ಮೇಲೆ ಪುಸ್ತಕ ಬರೆದರು.

ಇವತ್ತು ಒಬ್ಬ ನರ್ಸಾಗಿ ಇದನ್ನು ಓದಿದರೆ ಹೊಟ್ಟೆ ತೊಳಸುತ್ತೆ. ನ್ಯುಮೋನಿಯಾ ಆಗಿ ಏದುಸಿರು ಬಿಡುತ್ತಾ ಮಲಗಿರುವ ರೋಗಿ. ಅವನ ಯಾವ ತೋಳಿನಿಂದ ರಕ್ತ ತೆಗೆದರೂ ಅವನು ಇನ್ನಷ್ಟು ಸೋಲುತ್ತಾನೆ. ಎರಡೂ ಕಡೆಯವರ ಬಳಿ ಗ್ರಂಥ ಇತ್ತು. ಒಂದು ಕಡೆಯವರದು ಶುದ್ಧ ಮೂಲ. "ರಕ್ತ ತೆಗೆಯದೇ ಬಿಟ್ಟವರಲ್ಲಿ ಎಷ್ಟು ಜನ ಉಳಿದರು?" ಅಂತ ಎಣಿಸುವ ಯೋಚನೆ ಆ ಜಗಳದಲ್ಲಿ ಯಾರಿಗೂ ಮುಖ್ಯವಾಗಲಿಲ್ಲ. ರಕ್ತ ತೆಗೆಯುವ ಪದ್ಧತಿ ಹತ್ತೊಂಬತ್ತನೇ ಶತಮಾನದ ತನಕ ನಡೆಯಿತು.

ಮೂರನೆಯದು, ಹೊರಗೆ ಹಾಕಿದ್ದರಲ್ಲೇ ಬೇಕಾದದ್ದು ಇತ್ತು. ಗೇಲನ್ ಅಂಗರಚನೆಯ ಬಗ್ಗೆ 15 ಭಾಗಗಳಲ್ಲಿ ಬರೆದ ಒಂದು ಮುಖ್ಯ ಕೃತಿ ಇದೆ, ಕೊಯ್ದು ನೋಡುವ ವಿಧಾನ ಹೇಳುವಂಥದ್ದು. ಗ್ರೀಕಿನಲ್ಲಿ ಉಳಿದದ್ದು ಮೊದಲ ಎಂಟು ಭಾಗ ಮತ್ತು ಒಂಬತ್ತನೆಯದರ ಒಂದು ತುಂಡು. ಉಳಿದದ್ದೆಲ್ಲ ಅರಬ್ಬಿಯಲ್ಲಿ ಮಾತ್ರ ಉಳಿದಿತ್ತು. ಅದು ಜರ್ಮನ್ ಅನುವಾದದ ಜೊತೆ ಅಚ್ಚಾದದ್ದು 1906ರಲ್ಲಿ. ಅಂದರೆ ಅರಬ್ಬರಿಂದ ಗೇಲನ್‌ನನ್ನು ಬಿಡಿಸಬೇಕು ಅಂತ ಹೊರಟವರ ಗೇಲನ್ ಅರ್ಧಂಬರ್ಧ. ಪೂರ್ತಿ ಗೇಲನ್ ಇದ್ದದ್ದು ಅರಬ್ಬರ ಮನೆಯಲ್ಲಿ.

ಇಬ್ನ್ ಅಲ್-ನಫೀಸ್ ಕಥೆಯೂ ಹಾಗೇ. ರಕ್ತ ಹೃದಯದ ಬಲಗಡೆಯಿಂದ ಎಡಗಡೆಗೆ ನೇರ ನುಗ್ಗೋದಿಲ್ಲ, ಶ್ವಾಸಕೋಶದ ಮೂಲಕ ಹೋಗುತ್ತೆ ಅಂತ ಹದಿಮೂರನೇ ಶತಮಾನದಲ್ಲೇ ಅವನು ಬರೆದ. ಕಾನೂನ್ ಗ್ರಂಥದ ಅಂಗರಚನೆಯ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ, ಗೇಲನ್ ಹೇಳಿದ್ದು ತಪ್ಪು ಅಂತ ನೇರವಾಗಿಯೇ ಹೇಳಿದ. ಆ ಹಸ್ತಪ್ರತಿ ಬರ್ಲಿನ್ನಿನಲ್ಲಿ ಒಬ್ಬ ಈಜಿಪ್ಟಿನ ವೈದ್ಯನ ಕಣ್ಣಿಗೆ ಬಿದ್ದದ್ದು 1924ರಲ್ಲಿ. ಕಾನೂನ್ ಗ್ರಂಥ 1500ರಿಂದ 1674ರ ನಡುವೆ ಲ್ಯಾಟಿನ್ನಿನಲ್ಲಿ ಪೂರ್ತಿಯಾಗಿಯೋ ಭಾಗವಾಗಿಯೋ ಸುಮಾರು 60 ಸಲ ಅಚ್ಚಾಯಿತು. ಅದನ್ನು ತಿದ್ದಿದ ಈ ಪುಟಗಳು ಒಂದು ಸಲವೂ ಅಚ್ಚಾಗಲಿಲ್ಲ. ಯಾವುದು ಅಚ್ಚಾಯಿತೋ ಅದೇ ಎಲ್ಲ ಅಂದುಕೊಳ್ಳಬಾರದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಆ ಅಚ್ಚು ಪುಸ್ತಕಗಳಿಂದ ಪ್ರಯೋಜನವೇ ಇಲ್ಲವೇ? ಇದೆ, ತುಂಬಾ ದೊಡ್ಡ ಪ್ರಯೋಜನ ಇದೆ. ಒಲೆಗೆ ಹಾಕಬೇಕು ಅಂದವರು ಈಗ ಕೇಳಿ.

ಕೈಬರಹದ ಕಾಲದಲ್ಲಿ ನಿನ್ನ ಪ್ರತಿಯಲ್ಲಿ ಒಂದು ತಪ್ಪು, ನನ್ನ ಪ್ರತಿಯಲ್ಲಿ ಇನ್ನೊಂದು. ಜಗಳ ಆಡೋಕೂ ಒಂದೇ ಪುಟ ಇಬ್ಬರ ಮುಂದೆ ಇರಲಿಲ್ಲ. ಅಚ್ಚಾದ ಮೇಲೆ ಪಡುವಾದಲ್ಲೂ ಪ್ಯಾರಿಸ್ಸಿನಲ್ಲೂ ಬಾಸೆಲ್‌ನಲ್ಲೂ ಹೆಚ್ಚುಕಮ್ಮಿ ಒಂದೇ ಪುಟ. ಇಂಥ ಕಡೆ ಇಂಥ ಮಾತು ತಪ್ಪು ಅಂತ ಒಬ್ಬ ಬೆರಳಿಟ್ಟು ತೋರಿಸಿದರೆ ಇನ್ನೊಂದು ಊರಿನವನು ಅದೇ ಜಾಗ ತೆಗೆದು ನೋಡಬಹುದಿತ್ತು. ಆಸ್ಪತ್ರೆಯಲ್ಲಿ ಕೆಲವು ಔಷಧಿಗಳನ್ನು ಇಬ್ಬರು ನರ್ಸುಗಳು ಸೇರಿ ನೋಡಿ ಸಹಿ ಹಾಕುತ್ತೇವಲ್ಲ, ಹಾಗೆ. ಇಬ್ಬರ ಮುಂದೆಯೂ ಒಂದೇ ಚಾರ್ಟ್ ಇದ್ದರೆ ಮಾತ್ರ ಎರಡನೇ ಜೋಡಿ ಕಣ್ಣಿಗೆ ಬೆಲೆ.

ವೆಸೇಲಿಯಸ್ ಹುಟ್ಟಿದ್ದು ಈ ಗಲಾಟೆಯ ನಡುವೆ. 1537ರಲ್ಲಿ ಅಲ್-ರಾಜಿಯ ಒಂದು ಪುಸ್ತಕವನ್ನು ಹೊಸ ಲ್ಯಾಟಿನ್ನಿನಲ್ಲಿ ತಿದ್ದಿ ಬರೆದ. 1539ರಲ್ಲಿ ಆ ರಕ್ತ ತೆಗೆಯುವ ಜಗಳದಲ್ಲಿ ತಾನೂ ಒಂದು ಪತ್ರ ಅಚ್ಚು ಹಾಕಿಸಿದ. 1541ರಲ್ಲಿ ವೆನಿಸ್ಸಿನಲ್ಲಿ ಗೇಲನ್‌ನ ಲ್ಯಾಟಿನ್ ಸಮಗ್ರ ಕೃತಿ ಅಚ್ಚಾದಾಗ ಅಂಗರಚನೆಯ ಕೆಲವು ಭಾಗ ತಿದ್ದಿಕೊಟ್ಟ. ಅಂದರೆ ಗೇಲನ್‌ನನ್ನು ಸಾಲು ಸಾಲು ಓದಿದವನು. ಜೊತೆಗೆ ಪಡುವಾದಲ್ಲಿ ತನ್ನ ಕೈಯಾರೆ ಹೆಣ ಕೊಯ್ಯುತ್ತಿದ್ದವನು. ಪುಸ್ತಕ ಒಂದು ಕೈಯಲ್ಲಿ, ದೇಹ ಕಣ್ಣ ಮುಂದೆ. ಆಗ ಹೊಳೆಯಿತು: ಕೆಳದವಡೆ ಎರಡು ಮೂಳೆ ಅಂತ ಗೇಲನ್ ಬರೆದಿದ್ದಾನೆ, ಮನುಷ್ಯನಲ್ಲಿ ಇರೋದು ಒಂದೇ. ಗೇಲನ್ ಕೊಯ್ದು ನೋಡಿದ್ದು ಹೆಚ್ಚಾಗಿ ಕೋತಿ ಮತ್ತು ಬೇರೆ ಪ್ರಾಣಿಗಳನ್ನು. 1543ರಲ್ಲಿ ಬಾಸೆಲ್‌ನಲ್ಲಿ ವೆಸೇಲಿಯಸ್ ತನ್ನ ಮಹಾಗ್ರಂಥ ಹೊರತಂದ. ಅವನಿಗೆ ಪ್ಯಾರಿಸ್ಸಿನಲ್ಲಿ ಪಾಠ ಹೇಳಿದ್ದ ಸಿಲ್ವಿಯಸ್‌ಗೆ ಸಿಟ್ಟು ನೆತ್ತಿಗೇರಿತು. ಗೇಲನ್ ತಪ್ಪಿಲ್ಲ, ಆ ಕಾಲದಿಂದ ಈ ಕಾಲಕ್ಕೆ ಮನುಷ್ಯನ ದೇಹವೇ ಬದಲಾಗಿದೆ ಅಂತ ವಾದಿಸಿದ. ನಗಬೇಡಿ. "ಗ್ರಂಥ ತಪ್ಪಿಲ್ಲ, ಈಗಿನವರ ದೇಹ ಕೆಟ್ಟಿದೆ, ಅದಕ್ಕೇ ಮದ್ದು ನಾಟುತ್ತಿಲ್ಲ" ಅನ್ನುವ ಮಾತನ್ನು ಕಳೆದ ವಾರ ನನ್ನ ಪೋಸ್ಟಿನ ಕೆಳಗೇ ಒಬ್ಬರು ಬರೆದಿದ್ದಾರೆ.

ಇನ್ನೊಬ್ಬನನ್ನು ಹೇಳದೆ ಇರಲಾರೆ. ನಮ್ಮ ಹಾಗೆ ಹೊರದೇಶದಲ್ಲಿ ದುಡಿದವನು. ಇಟಲಿಯ ಬೆಲ್ಲೂನೊ ಊರಿನ ಆಂಡ್ರೆಯಾ ಅಲ್ಪಾಗೊ. ಡಮಾಸ್ಕಸ್ಸಿನಲ್ಲಿದ್ದ ವೆನಿಸ್ ರಾಯಭಾರಿ ಕಚೇರಿಯ ವೈದ್ಯನಾಗಿ ಸುಮಾರು 30 ವರ್ಷ ಕಳೆದ. ಅಲ್ಲಿ ಅರಬ್ಬಿ ಕಲಿತ, ಅಲ್ಲಿಯವರ ಹತ್ತಿರ ಕೇಳಿ ತಿಳಿದ, ಗೆರಾರ್ಡ್‌ನ ಹಳೆಯ ಅನುವಾದವನ್ನು ಅರಬ್ಬಿ ಪ್ರತಿಗಳ ಜೊತೆ ತಾಳೆ ನೋಡಿ ತಿದ್ದಿದ, ಅರಬ್ಬಿ ಪದಗಳಿಗೆ ಅರ್ಥಕೋಶ ಮಾಡಿದ. ಅದು ಅಚ್ಚಾಗುವ ಮೊದಲೇ ತೀರಿಕೊಂಡ. ಅವನ ಅಣ್ಣ-ತಮ್ಮಂದಿರ ಮಗನೊಬ್ಬ 1527ರಲ್ಲಿ ವೆನಿಸ್ಸಿನಲ್ಲಿ ಅದನ್ನು ಅಚ್ಚು ಹಾಕಿಸಿದ. ಗ್ರೀಕ್ ಗೇಲನ್ ಬಂದು ಸುಮಾರು ಎರಡು ವರ್ಷವಾಗಿತ್ತು. ಅರಬ್ಬರನ್ನು ಹೊರಗೆ ಹಾಕಿ ಅಂತ ಕೆಲವರು ಕೂಗುತ್ತಿದ್ದಾಗ ಇವನು ಮಾಡಿಟ್ಟ ಕೆಲಸ, "ಮೊದಲು ಅವರು ನಿಜವಾಗಿ ಏನು ಹೇಳಿದ್ದಾರೆ ಓದಿ" ಅಂತ ಹೇಳುವಂತಿತ್ತು.

ಈ ಎಲ್ಲರಿಗಿಂತ ನನಗೆ ಹತ್ತಿರದವನು ಅಲ್-ರಾಜಿ. ಒಂಬತ್ತು-ಹತ್ತನೇ ಶತಮಾನದ ಆಸ್ಪತ್ರೆಯ ವೈದ್ಯ. ಅವನ ಟಿಪ್ಪಣಿಗಳನ್ನು ಅವನು ಸತ್ತ ಮೇಲೆ ಕೂಡಿಸಿ ಮಾಡಿದ "ಅಲ್-ಹಾವಿ" ಅನ್ನುವ ಭಾರಿ ಗ್ರಂಥದ ಲ್ಯಾಟಿನ್ ಅನುವಾದ 1486ರಲ್ಲಿ ಇಟಲಿಯ ಬ್ರೆಷಿಯಾದಲ್ಲಿ ಅಚ್ಚಾಯಿತು. ಅದರಲ್ಲಿ ಒಂದೊಂದು ರೋಗಕ್ಕೂ ಹಿಂದಿನವರು ಹೇಳಿದ್ದನ್ನು ಹೆಸರು ಹಿಡಿದು ಸಾಲಾಗಿ ಕೊಟ್ಟಿದ್ದಾನೆ. ಗ್ರೀಕರು, ಸಿರಿಯಾದವರು, ಭಾರತದವರೂ ಇದ್ದಾರೆ. ಹೌದು, ನಮ್ಮ ಚರಕನ ಹೆಸರೂ ಇದೆ. ಇವೆಲ್ಲ ಆದ ಮೇಲೆ "ಲೀ" ಅಂತ ಬರೆದು ತಾನು ಕಂಡದ್ದನ್ನು ಬರೆಯುತ್ತಾನೆ. ಅರಬ್ಬಿಯಲ್ಲಿ "ಲೀ" ಅಂದರೆ "ನನ್ನದು". ಹಿಂದಿನವರದು ಇದು, ನಾನು ನೋಡಿದ್ದು ಇದು. ಗೇಲನ್ ಮೇಲೆ ಅಪಾರ ಗೌರವ ಇಟ್ಟುಕೊಂಡೇ "ಗೇಲನ್ ಬಗ್ಗೆ ಸಂದೇಹಗಳು" ಅಂತ ಬೇರೆ ಒಂದು ಪುಸ್ತಕ ಬರೆದ.

ಚರಕನ ಹೆಸರು ಕೇಳಿ ಖುಷಿಯಾದವರು ಒಂದು ಗಮನಿಸಿ. ಅಲ್-ರಾಜಿ ಚರಕನನ್ನು ಪೂಜೆ ಮಾಡಲು ಕರೆದುಕೊಂಡು ಬಂದಿದ್ದಲ್ಲ. ಗೇಲನ್ ಪಕ್ಕದಲ್ಲಿ ಕೂರಿಸಿ, ಇಬ್ಬರ ಮಾತನ್ನೂ ರೋಗಿಯ ಮುಂದೆ ಇಟ್ಟು ನೋಡಲು ಕರೆದ. ಅದಕ್ಕಿಂತ ದೊಡ್ಡ ಮರ್ಯಾದೆ ಯಾವ ವೈದ್ಯನಿಗೂ ಬೇಕಿಲ್ಲ.

ನಮ್ಮ ಕರಾವಳಿಯ ಪಕ್ಕದಲ್ಲೇ ಇದಕ್ಕೊಂದು ಉದಾಹರಣೆ ಇದೆ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1534ರಲ್ಲಿ ಗೋವೆಗೆ ಬಂದ. ಈ ಗ್ರೀಕ್, ಅರಬ್ಬಿ ಪುಸ್ತಕಗಳನ್ನು ಅರೆದು ಕುಡಿದವನು. ಇಲ್ಲಿಗೆ ಬಂದು ಹಕೀಮರನ್ನು, ವೈದ್ಯರನ್ನು, ವ್ಯಾಪಾರಿಗಳನ್ನು ಕೇಳಿ, ಗಿಡ, ಹಣ್ಣು, ತೊಗಟೆಗಳನ್ನು ಕಣ್ಣಾರೆ ನೋಡಿ, ಪುಸ್ತಕದಲ್ಲಿ ತಪ್ಪು ಕಂಡಲ್ಲಿ ತಪ್ಪು ಅಂತಲೇ ಬರೆದ. ಅವನ ಪುಸ್ತಕ ಗೋವೆಯಲ್ಲೇ 1563ರಲ್ಲಿ ಅಚ್ಚಾಯಿತು. ಅಕ್ಷರದ ತಪ್ಪುಗಳು ಎಷ್ಟಿದ್ದವು ಅಂದರೆ ಕೊನೆಗೆ ಪುಟಗಟ್ಟಲೆ ತಪ್ಪು-ಒಪ್ಪು ಪಟ್ಟಿ ಸೇರಿಸಬೇಕಾಯಿತು. ಆ ಪಟ್ಟಿಯನ್ನು ನೆನೆದು ನಗುವವರಿದ್ದಾರೆ. ನನಗೆ ಅದರ ಮೇಲೆ ಗೌರವ. "ಇಲ್ಲಿ ತಪ್ಪಿದೆ, ತಿದ್ದಿಕೊಂಡು ಓದಿ" ಅಂತ ತಾನೇ ಹೇಳುವ ಪುಸ್ತಕವನ್ನು ನಂಬಬಹುದು.

ಹಳೆಯದರಿಂದ ಇವತ್ತಿಗೂ ಏನಾದರೂ ಸಿಗುತ್ತದೆಯೇ ಅಂದರೆ, ಸಿಗುತ್ತದೆ. 1548ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಗ್ರೀಕ್ ಪುಸ್ತಕ ಅಚ್ಚಾಯಿತು. ಆರನೇ ಶತಮಾನದ ಅಲೆಕ್ಸಾಂಡರ್ ಆಫ್ ಟ್ರಾಲಿಸ್ ಅನ್ನುವ ವೈದ್ಯನದು. ಅದರ ಜೊತೆಗೇ, ಸಿಡುಬು ಮತ್ತು ದಡಾರವನ್ನು ಬೇರೆ ಬೇರೆಯಾಗಿ ಗುರುತಿಸಿ ಅಲ್-ರಾಜಿ ಬರೆದ ಪುಟ್ಟ ಪುಸ್ತಕದ ಗ್ರೀಕ್ ಅನುವಾದವೂ ಇತ್ತು. ಶುದ್ಧ ಗ್ರೀಕ್ ಬೇಕು ಅಂದವರ ಕಾಲದಲ್ಲೂ ಅರಬ್ಬಿ ವೈದ್ಯ ಗ್ರೀಕ್ ಅಂಗಿ ತೊಟ್ಟು ಒಳಗೆ ಬಂದಿದ್ದ ನೋಡಿ. ಆ ಅಲೆಕ್ಸಾಂಡರ್ ಗೌಟ್ ನೋವಿಗೆ ಹೇಳಿದ ಗಡ್ಡೆ ಕೋಲ್ಚಿಕಮ್ ಜಾತಿಯದು. ಅದರಿಂದ 1820ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಕೋಲ್ಚಿಸಿನ್ ಬೇರ್ಪಡಿಸಿದರು. ಕಾಲಿನ ಹೆಬ್ಬೆರಳು ಕೆಂಪಾಗಿ ಊದಿಕೊಂಡು, ಮೇಲೆ ಬೆಡ್‌ಶೀಟ್ ತಾಗಿದರೂ ಕಿರುಚುವ ಗೌಟ್ ರೋಗಿಗೆ ನಾನು ಇವತ್ತೂ ಕೊಡುವ ಮಾತ್ರೆ ಅದೇ.

ಆದರೆ ಹೇಗೆ ಕೊಡ್ತೀನಿ? 500 ಮೈಕ್ರೋಗ್ರಾಂ ಮಾತ್ರೆ, ಎಣಿಸಿ. ಕಿಡ್ನಿ ರಿಪೋರ್ಟ್ ನೋಡಿ. ಬೇರೆ ಯಾವ ಆಂಟಿಬಯಾಟಿಕ್ ನಡೀತಿದೆ ನೋಡಿ. ಭೇದಿ ಶುರುವಾದರೆ ಕೂಡಲೇ ಹೇಳಿ ಅಂತ ರೋಗಿಗೆ ತಿಳಿಸಿ. ಸ್ವಲ್ಪ ಹೆಚ್ಚಾದರೂ ಅದು ವಿಷ. ಹಳೆಯ ಗ್ರಂಥ ನಮ್ಮನ್ನು ಆ ಗಿಡದ ತನಕ ಕರೆದುಕೊಂಡು ಹೋಯಿತು. ಅಲ್ಲಿಂದ ಮುಂದಿನ ಕೆಲಸವನ್ನು ಅಳತೆ, ಪರೀಕ್ಷೆ, ಲೆಕ್ಕ ಮಾಡಿದವು. ಎರಡರಲ್ಲಿ ಒಂದನ್ನು ಬಿಟ್ಟರೂ ರೋಗಿಗೆ ನಷ್ಟ.

ಈಗ ನಾನು ಏಕೆ ಇಷ್ಟು ಉದ್ದ ಬರೆದೆ ಅಂತ ಹೇಳ್ತೀನಿ. ಊರಿನಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಪ್ರಾಚೀನ ಗ್ರಂಥದಲ್ಲಿ ಹೇಳಿದ ಎಲೆಪುಡಿ ಅಂತ ಒಂದು ಫಾರ್ವರ್ಡ್ ಬಂತು, ಯಾವ ಗ್ರಂಥ, ಯಾವ ಅಧ್ಯಾಯ, ಏನೂ ಇಲ್ಲ. ಅವರು ಇನ್ಸುಲಿನ್ ನಿಲ್ಲಿಸಿ ಪುಡಿ ತಿಂದರು. ಕಾಲಿನ ಹುಣ್ಣು ಕೀವಾಗುವ ತನಕ ಯಾರಿಗೂ ಹೇಳಲಿಲ್ಲ. ಎರಡು ಬೆರಳು ಹೋದವು. "ಹಳೇದು ಅಂದಮೇಲೆ ಒಳ್ಳೇದೇ ಇರುತ್ತೆ ಅಂದ್ಕೊಂಡೆ ಕಣೇ ಮಗಾ" ಅಂದರು ಫೋನಿನಲ್ಲಿ. ಅವರನ್ನು ಬೈಯ್ಯೋಕೆ ನನಗೆ ಬಾಯಿ ಬರಲಿಲ್ಲ. ಹಳೆಯ ಪುಸ್ತಕ ಓದಿದವರ ತಪ್ಪಲ್ಲ ಅದು. ಆ ಫಾರ್ವರ್ಡ್ ಬರೆದವನು ಪುಸ್ತಕವನ್ನೇ ಓದಿರಲಿಲ್ಲ, ಅದರ ವಯಸ್ಸನ್ನು ಮಾತ್ರ ಮಾರಿದ್ದ.

ಅದಕ್ಕೇ ಎರಡು ಗುಂಪಿನವರಿಗೂ ನನ್ನ ಅಭಿಪ್ರಾಯ ಇಷ್ಟು.

ಗ್ರಂಥದಲ್ಲಿದೆ ಅನ್ನುವವರಿಗೆ: ಯಾವ ಗ್ರಂಥ, ಯಾವ ಭಾಗ, ಯಾವ ಗಿಡ, ಎಷ್ಟು ಪ್ರಮಾಣ ಅಂತ ಹೇಳಿ. ಲಿಯೊನಿಚೆನೊ ಕೇಳಿದ್ದು ಇದನ್ನೇ. ಆಮೇಲೆ ಅದನ್ನು ತೆಗೆದುಕೊಂಡ ಎಷ್ಟು ಜನರಿಗೆ ಏನಾಯಿತು, ತೆಗೆದುಕೊಳ್ಳದವರಿಗೆ ಏನಾಯಿತು ಅಂತಲೂ ಹೇಳಿ. ಬ್ರಿಸೋ ಮತ್ತು ಅವನ ವಿರೋಧಿಗಳು ಕೇಳದೇ ಬಿಟ್ಟದ್ದು ಇದನ್ನು.

ಒಲೆಗೆ ಹಾಕಿ ಅನ್ನುವವರಿಗೆ: 1924ರ ತನಕ ಕಪಾಟಿನಲ್ಲಿ ಕೂತಿದ್ದ ಇಬ್ನ್ ಅಲ್-ನಫೀಸ್‌ನನ್ನು ನೆನೆಸಿಕೊಳ್ಳಿ. ಓದದೇ ಸುಟ್ಟವನಿಗೆ ಏನು ಸುಟ್ಟೆ ಅಂತಲೂ ಗೊತ್ತಾಗೋಲ್ಲ. ಹಳೆಯ ಪುಸ್ತಕ ಸಂಪಾದಿಸುವ, ಅನುವಾದಿಸುವ, ಅಚ್ಚು ಹಾಕುವ ಕೆಲಸಕ್ಕೆ ದುಡ್ಡು ಕೊಡಬೇಕು, ಓದೋಕೆ ಜನ ಬೇಕು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ಯುನಾನಿ ಅಂದರೆ ಗ್ರೀಕರದ್ದು ಅಂತಲೇ ಅರ್ಥ. ಅರಬ್ಬಿ, ಪಾರ್ಸಿಯ ಮೂಲಕ ನಡೆದುಬಂದ ಗೇಲನ್ ನಮ್ಮ ಊರಿನಲ್ಲೇ ಇದ್ದಾನೆ. ಅವನನ್ನು ಓದಲಿ, ಪರೀಕ್ಷಿಸಲಿ, ನಿಂತದ್ದನ್ನು ಉಳಿಸಲಿ, ಬಿದ್ದದ್ದನ್ನು ಬಿದ್ದಿತು ಅಂತ ಅಚ್ಚು ಹಾಕಲಿ.

ನಮ್ಮ ವಾರ್ಡಿನಲ್ಲಿ ಎಲ್ಲರೂ ನೆಚ್ಚುವ ಔಷಧಿ ಪುಸ್ತಕ ಬಿ.ಎನ್.ಎಫ್. ಆರು ತಿಂಗಳಿಗೊಂದು ಹೊಸ ಮುದ್ರಣ ಬರುತ್ತೆ. ಹೊಸದು ಬಂದ ದಿನ ಹಳೆಯದನ್ನು ಟ್ರಾಲಿಯಿಂದ ತೆಗೆದುಬಿಡುತ್ತೇವೆ, ಯಾರಿಗೂ ಬೇಜಾರಿಲ್ಲ. ಹಾಗಂತ ಹೊಸದರಲ್ಲಿರುವ ಎಲ್ಲವೂ ಹೊಸದಲ್ಲ, ಕೋಲ್ಚಿಸಿನ್ ಇನ್ನೂ ಅದರಲ್ಲಿದೆ. ಪ್ರತಿ ಸಲ ಪರೀಕ್ಷೆ ಪಾಸಾಗಿ ಒಳಗೆ ಉಳಿದಿದೆ.

ನಿಮ್ಮ ಮನೆಯ ಗುಂಪಿನಲ್ಲಿ ಮುಂದಿನ ಸಲ "ಪ್ರಾಚೀನ ಗ್ರಂಥದಲ್ಲಿದೆ" ಅಂತ ಬಂದರೆ ಜಗಳ ಆಡಬೇಡಿ. "ಯಾವ ಪುಟ?" ಅಂತ ಮಾತ್ರ ಕೇಳಿ. ಮನೆಯ ಹಿರಿಯರಿಗೆ ಫೋನ್ ಮಾಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಪಾದ ನೋಡಿಕೊಂಡಿರಾ ಅಂತ ವಿಚಾರಿಸಿ.

ಒಪ್ಪದವರು ಕಮೆಂಟಿನಲ್ಲಿ ಬರೆಯಿರಿ, ಬೈದುಕೊಳ್ಳದೆ. ಮುಂದಿನ ಭಾಗದಲ್ಲಿ ಸಕ್ಕರೆ ಕಾಯಿಲೆಯವರು ಪಾದ ನೋಡಿಕೊಳ್ಳುವ ರೀತಿ ಹೇಳ್ತೀನಿ. ನಾಳೆಯಿಂದ ಮೂರು ನೈಟ್ ಡ್ಯೂಟಿ ಇದೆ, ಉತ್ತರ ಕೊಡೋದು ತಡವಾಗಬಹುದು.